ಎರಡೂ ಕಡೆಯ ಶುಲ್ಕ

ನನ್ನ ಚಿಕ್ಕಮ್ಮನಿಗೆ ಸಿಟ್ಟು ಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ನನಗೆ ಸಿಟ್ಟು ಬಂದರೆ ನನ್ನ ಹೊಟ್ಟೆಗೆ ಮಾತ್ರ ಗೊತ್ತಾಗುತ್ತದೆ, ಸಂಜೆ ಉರಿ ಶುರುವಾದಾಗ. ಅವಳು ಕಾರು ಕಲಿಸುತ್ತಾಳೆ. ನಾನು ಕಾರುಗಳನ್ನು ಹರಾಜು ಹಾಕುವ ಕಡೆ ಗಾಜಿನ ಕಿಟಕಿಯ ಹಿಂದೆ ಕೂತು ಶುಲ್ಕ ವಸೂಲಿ ಮಾಡುತ್ತೇನೆ. ಕತ್ತಿಗೆ ಟೈ, ಎದೆಗೆ ಬಿಲ್ಲೆ, ಬಿಲ್ಲೆಯ ಮೇಲೆ ‘ಸಹಾಯಕ’ ಎಂಬ ಪದವಿ. ಯಾರಿಗೆ ಸಹಾಯ ಎಂದು ಬರೆದಿಲ್ಲ.

ಚಿಕ್ಕಮ್ಮ ಮೊದಲು ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದಳು. ಆಮೇಲೆ ಒಂದು ಹಳೇ ಕಾರು ಕೊಂಡು, ತನ್ನ ಸೀಟಿನ ಮುಂದೂ ಒಂದು ಬ್ರೇಕು ಹಾಕಿಸಿ, ಕಲಿಸಲು ಶುರು ಮಾಡಿದಳು. ಚಿಕ್ಕಪ್ಪ ಅವಳ ಮೊದಲ ಶಿಷ್ಯ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೆ ಅವಳನ್ನೇ ಮದುವೆಯಾಗಿ ಕಲಿಯುವುದರಿಂದ ತಪ್ಪಿಸಿಕೊಂಡ. ಶಿಷ್ಯರು ಅವಳಿಗಿಟ್ಟ ಹೆಸರು ಬ್ರೇಕಮ್ಮ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. “ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲ, ಹಿಂದೆ ಯಾರು ಸಾಯ್ತಿದಾರೆ ಅಂತ ನೋಡೋಕೆ!” ಎಂದು ಅವಳು ಕೂಗಿದರೆ ಪಕ್ಕದ ಬಸ್ಸಿನ ಡ್ರೈವರೂ ಒಮ್ಮೆ ಕನ್ನಡಿ ನೋಡಿಕೊಳ್ಳುತ್ತಾನೆ.

ಈಚೆಗೆ ಆ ಕಾರಿನ ಗೇರು ಕೈಕೊಡತೊಡಗಿತು. ಶಿಷ್ಯರು ಒಬ್ಬೊಬ್ಬರಾಗಿ ಎದುರು ಬೀದಿಯ ಹೊಸ ಶಾಲೆಗೆ ಜಾರಿದರು. ಬೇರೆ ಕಾರು ಬರದಿದ್ದರೆ ಅವಳ ಶಾಲೆಯ ಬಾಗಿಲು ಮುಚ್ಚಿದಂತೆಯೇ. ನಮ್ಮ ಹರಾಜಿನಲ್ಲಿ ಬೆಳಿಗ್ಗೆ ಹಳೆಯದನ್ನು ಮಾರಿ, ಆ ದುಡ್ಡಿಗೆ ಕೂಡಿಟ್ಟದ್ದನ್ನು ಸೇರಿಸಿ, ಮಧ್ಯಾಹ್ನ ಒಂದು ಸಣ್ಣ ಬಿಳಿ ಕಾರು ಕೊಳ್ಳುವುದೆಂದು ಲೆಕ್ಕ ಹಾಕಿದಳು. ಶುಲ್ಕದ ಪಾಠಕ್ಕೆ ನನ್ನನ್ನು ಅಡಿಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು.

“ಮಾರೋರಿಗೆ ಮೊದಲು ಪ್ರವೇಶ ಶುಲ್ಕ. ಆಮೇಲೆ ತೊಳೆಯೋ ಶುಲ್ಕ,” ಎಂದೆ.

“ನಾನೇ ತೊಳ್ಕೊಂಡು ಬರ್ತೀನಿ.”

“ತೊಳೆದು ತಂದ್ರೂ ತಗೋತಾರೆ ಚಿಕ್ಕಮ್ಮ.”

“ಅಂದ್ರೆ, ಒದ್ದೆ ಕಾರಿಗೆ ಮತ್ತೆ ನೀರು ಹಾಕ್ತಾರಾ?”

“ನೀರು ಹಾಕಲ್ಲ. ಹಾಕಿದ್ದಕ್ಕೆ ದುಡ್ಡು ತಗೋತಾರೆ.”

ಅವಳು ಸೌಟು ಕೆಳಗಿಟ್ಟಳು. ನಾನು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಮುಂದುವರಿಸಿದೆ. ಮಾರಾಟವಾದರೆ ಬೆಲೆಯಲ್ಲಿ ನೂರಕ್ಕೆ ಇಷ್ಟು ಎಂದು ಕಮಿಷನ್. ಇದಕ್ಕಿಂತ ಕಮ್ಮಿಗೆ ಕೊಡಲ್ಲ ಎಂದು ಕನಿಷ್ಠ ಬೆಲೆ ಹಾಕಿಸಿದರೆ ಅದಕ್ಕೊಂದು ಶುಲ್ಕ. ಅಷ್ಟು ಬರದಿದ್ದರೆ ‘ಮಾರಾಟವಾಗದ ಶುಲ್ಕ’. ಕೊಳ್ಳುವವನಿಗೆ ಅವನದೇ ಬೇರೆ: ನೂರಕ್ಕೆ ಎಂಟು, ಕಾಗದಪತ್ರದ ಶುಲ್ಕ, ಗೇಟ್ ಪಾಸು, ಅಂದೇ ಒಯ್ಯದಿದ್ದರೆ ದಿನಕ್ಕಿಷ್ಟು ನೆಲಬಾಡಿಗೆ.

“ಮಾರಾಟ ಆದ್ರೂ ದುಡ್ಡು, ಆಗದಿದ್ರೂ ದುಡ್ಡು. ಇದೇನು ಹರಾಜೋ, ಆಸ್ಪತ್ರೆಯೋ?” ಎಂದಳು. ಕನಿಷ್ಠ ಬೆಲೆ ಹಾಕಿಸುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಲೆಕ್ಕವೂ ಸರಿಯಾಗಿತ್ತು. ಸಿಟ್ಟನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹರಾಜಿನ ದಿನ ಮಧ್ಯಾಹ್ನದ ಖರೀದಿಗೆಂದು ಬೆಳಿಗ್ಗೆಯೇ, ಬೆಲೆ ಕೂಗುವವರು ಎತ್ತಿ ತೋರಿಸುವ ನಂಬರಿನ ಹಲಗೆ ತೆಗೆದುಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಅವಳ ಕಾರು ಮೆಲ್ಲಗೆ ಉರುಳುತ್ತ ಒಳಗೆ ಬಂತು. ಕಪ್ಪು ಕನ್ನಡಕದ ದಲ್ಲಾಳಿಯೊಬ್ಬ ಬಗ್ಗಿ ನೋಡಿ, “ಎರಡು ಬ್ರೇಕು! ಗಂಡಂಗೊಂದು, ಹೆಂಡ್ತಿಗೊಂದು. ಈ ಸಂಸಾರ ಮುಂದಕ್ಕೆ ಹೋದ ಹಾಗೇ!” ಎಂದ. ಸಭೆ ನಕ್ಕಿತು. ಅವನು ತೀರಾ ಕಮ್ಮಿಗೆ ಕೂಗಿದ. ಮತ್ತೆ ಯಾರೂ ಬಾಯಿ ಬಿಡಲಿಲ್ಲ. ಹರಾಜು ಕೂಗುವವನ ಸುತ್ತಿಗೆ ಮೇಲೆದ್ದಿತು.

ಚಿಕ್ಕಮ್ಮನ ಹಲಗೆಯೂ ಎದ್ದಿತು.

“ಅಷ್ಟಕ್ಕೆಲ್ಲ ಕೊಡೋಕಾಗಲ್ಲ!” ಎಂದು ಕೂಗಿದಳು. ಶಿಷ್ಯ ತಪ್ಪು ತಿರುವು ತೆಗೆದುಕೊಂಡಾಗ ಅವಳ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದಲ್ಲ, ಹಾಗೆ ಎದ್ದ ಕೈ ಅದು. ಹರಾಜು ಕೂಗುವವನಿಗೆ ಮಾತು ಕೇಳುವ ಪುರುಸೊತ್ತಿಲ್ಲ. ಅವನಿಗೆ ಹಲಗೆ ಕಂಡಿತು. ದಲ್ಲಾಳಿ ಭುಜ ಹಾರಿಸಿ ಸುಮ್ಮನಾದ. ಸುತ್ತಿಗೆ ಬಿತ್ತು. ಚಿಕ್ಕಮ್ಮ ತನ್ನ ಕಾರನ್ನು ತಾನೇ ಕೊಂಡಿದ್ದಳು.

ನನ್ನ ಕಿಟಕಿಗೆ ಬರುವ ಹೊತ್ತಿಗೆ ಅವಳ ಹಿಂದೆ ಸಾಲು ಬೆಳೆದಿತ್ತು. ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ನಿಂತು, “ಮಾರೋರು ಕೂಗೋ ಹಾಗಿಲ್ಲ. ಕೂಗಿದ್ರೆ ಕೊಂಡ ಹಾಗೇ. ನಿಯಮ. ಎರಡೂ ಕಡೆ ಶುಲ್ಕ ಹಾಕು,” ಎಂದರು.

“ಪಟ್ಟಿ ಓದೋ,” ಎಂದಳು ಚಿಕ್ಕಮ್ಮ.

ಓದಿದೆ. ನನ್ನ ದನಿ ಗಾಜಿಗೆ ಬಡಿದು ನನಗೇ ವಾಪಸು ಬರುತ್ತಿತ್ತು.

“ಕಾರು ನಂದು. ಕೈ ಎತ್ತಿದ್ದು ನಾನು. ದುಡ್ಡು ನನ್ನ ಬಲಗೈಯಿಂದ ಎಡಗೈಗೆ. ಮಧ್ಯೆ ನೀವು ಏನು ಮಾಡಿದ್ರಿ? ಹೇಳು. ಕಾಗದಪತ್ರ ಅಂದ್ಯಲ್ಲ, ಯಾರ ಹೆಸರಿಂದ ಯಾರ ಹೆಸರಿಗೆ?”

“ನಿನ್ನ ಹೆಸರಿಂದ… ನಿನ್ನ ಹೆಸರಿಗೆ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ತಿರುಗಿ ನೋಡಿದಳು. ನಗು ಅಲ್ಲೇ ನಿಂತಿತು. ನನಗೆ ಕಿವಿಯವರೆಗೆ ಬಿಸಿಯೇರಿತ್ತು. ಜೀವನದಲ್ಲಿ ಮೊದಲ ಸಲ ಗಂಡಸಿನ ಹಾಗೆ ಕುರ್ಚಿ ತಳ್ಳಿ ಎದ್ದು, “ಸಾರ್, ಕೊಳ್ಳೋರ ಶುಲ್ಕ ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ,” ಎಂದೆ.

ಮ್ಯಾನೇಜರು ಶಾಂತವಾಗಿ, “ಮುಂಗಡ ಅಂತ ಹಾಕ್ಬೇಕಾಗುತ್ತೆ. ಅದಕ್ಕೊಂದು ಸಣ್ಣ ಶುಲ್ಕ ಇದೆ,” ಎಂದರು.

ನಾನು ಕೂತೆ.

“ಕೂತ್ಕೋ, ಕೂತ್ಕೋ. ನಿನ್ನನ್ನೂ ಹರಾಜು ಹಾಕಿಯಾರು,” ಎಂದು ಚಿಕ್ಕಮ್ಮ ಪರ್ಸು ತೆಗೆದಳು. ಜಗಳ ನಾಳೆಗೆ ಉಳಿದರೆ ನೆಲಬಾಡಿಗೆ ಶುರು. ಅದು ಅವಳಿಗೂ ಗೊತ್ತಿತ್ತು, ಅವರಿಗೂ. ನೋಟುಗಳನ್ನು ಒಂದೊಂದಾಗಿ ನನ್ನ ಕಡೆ ನೂಕಿದಳು. ಬಿಳಿ ಕಾರಿನ ದುಡ್ಡು ಅದು. ಅದು ಗೊತ್ತಿದ್ದೂ ರಸೀದಿಗೆ ಮೊಹರು ಒತ್ತಿದೆ. ಸಹಾಯಕ!

ಅವಳ ಕಾರು ಗೇಟು ದಾಟಿದ್ದೇ ತಡ, ಕನ್ನಡಕದ ದಲ್ಲಾಳಿ ಅದಕ್ಕೆ ಅಡ್ಡ ನಿಂತ. ಕಿಟಕಿಯಿಂದ ನಮಗೆ ಎಲ್ಲ ಕಾಣುತ್ತಿತ್ತು. ಮ್ಯಾನೇಜರ ಮುಖ ಬಿಗಿಯಿತು. “ಹೋಗು. ಗೇಟಿನ ಮುಂದಿನ ರಸ್ತೆಯಲ್ಲಿ ವ್ಯಾಪಾರ ನಡೆದ್ರೂ ನಮಗೆ ಕಮಿಷನ್ ಬರಬೇಕು ಅಂತ ಹೇಳು. ರಸೀದಿ ಪುಸ್ತಕ ತಗೊಂಡು ಹೋಗು.”

ಹೋದೆ. ದಲ್ಲಾಳಿ ಒಂದು ಬೆಲೆ ಹೇಳುತ್ತಿದ್ದ. ಒಳಗೆ ಕೂಗಿದ್ದಕ್ಕಿಂತ ಚೆನ್ನಾಗಿಯೇ ಜಾಸ್ತಿ ಇತ್ತು.

“ಒಳಗೆ ಯಾಕೆ ಇದನ್ನೇ ಕೂಗಲಿಲ್ಲ?” ಎಂದು ಚಿಕ್ಕಮ್ಮ ಸಿಡುಕಿದಳು.

“ಒಳಗೆ ನಂಗೂ ಶುಲ್ಕ ಇದೆಯಲ್ಲಕ್ಕಾ. ಬೆಲೇಲಿ ಅದನ್ನ ಮುರ್ಕೊಂಡೇ ಕೂಗೋದು. ಮತ್ತೆ, ನಮ್ಮನೆಯಿಂದ ತಂದು ಕಟ್ಟಲಾ?”

“ಅಂದ್ರೆ… ಕೊಳ್ಳೋನ ಶುಲ್ಕಾನೂ ನನ್ನ ಕಾರಿನ ಬೆಲೆಯಿಂದಾನೇ?”

“ಇನ್ನೆಲ್ಲಿಂದ?”

ಇಷ್ಟು ವರ್ಷ ಆ ಕಿಟಕಿಯಲ್ಲಿ ಕೂತು, ಮಾರುವವನ ಶುಲ್ಕ ಒಂದು ಡಬ್ಬಿ, ಕೊಳ್ಳುವವನದು ಇನ್ನೊಂದು ಎಂದು ನಂಬಿದ್ದ ನಾನು ರಸೀದಿ ಪುಸ್ತಕ ಹಿಡಿದು ಪೆದ್ದನಂತೆ ನಿಂತಿದ್ದೆ. ಚಿಕ್ಕಮ್ಮ ಕೂಗಲಿಲ್ಲ. ಅವಳು ಕೂಗದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಎದೆಯ ಬಿಲ್ಲೆಯನ್ನು ನೋಡಿ, “ನೀನ್ಯಾಕೋ ಬಂದೆ?” ಎಂದಳು ಮೆಲ್ಲಗೆ.

“ಈ ರಸ್ತೇಲಿ ಮಾತಾಡಿದ್ರೂ ಕಮಿಷನ್ ಅಂತೆ. ಆ ಮೂಲೆ ತಿರುಗಿ ಮಾತಾಡು ಚಿಕ್ಕಮ್ಮ. ಅಲ್ಲಿಗೆ ನಮ್ಮ ಕಿಟಕಿ ಕಾಣಲ್ಲ.”

ಮೂಲೆ ತಿರುಗಿದ ಮೇಲೆ ಅವಳ ದನಿ ವಾಪಸು ಬಂತು. “ನೋಡಪ್ಪಾ, ನನ್ನ ಕಾರು ನೋಡಿ ನಕ್ಕೆಯಲ್ಲ, ಅದಕ್ಕೆ ನಾನಿವತ್ತು ಎರಡೂ ಕಡೆ ದುಡ್ಡು ಕಟ್ಟಿದೀನಿ. ನಿನ್ನ ಶೆಡ್ಡಲ್ಲಿ ಹರಾಜಿಗೆ ಹೋಗದ ಕಾರು ಏನಿದೆ? ಇದನ್ನ ಇಟ್ಕೊಂಡು, ಮೇಲೆ ನಾನು ಕೊಟ್ಟಷ್ಟು ತಗೊಂಡು, ಅದನ್ನ ಕೊಡು.”

“ಒಂದಿದೆ ಅಕ್ಕಾ. ಬಣ್ಣ ಮಾತ್ರ…”

“ನಾನೇನು ಅದನ್ನ ಉಟ್ಕೊಳ್ಳಲ್ಲ. ಹತ್ತು, ತೋರ್ಸು. ಬೆಲ್ಟ್ ಹಾಕ್ಕೋ!”

ದಲ್ಲಾಳಿ ಶಿಷ್ಯನ ಹಾಗೆ ಬೆಲ್ಟ್ ಹಾಕಿಕೊಂಡ.

ಈಗ ಅವಳು ಕಲಿಸುತ್ತಿರುವುದು ಆ ಕಾರಿನಲ್ಲೇ. ವಾಂತಿಯ ಬಣ್ಣ, ಗಟ್ಟಿ ಗೇರು. ಬಿಟ್ಟುಹೋದ ಶಿಷ್ಯರಲ್ಲಿ ಕೆಲವರು ಬೈಗುಳವಿಲ್ಲದೆ ಕಲಿಯಲಾಗದೆ ವಾಪಸು ಬಂದಿದ್ದಾರೆ. ಕಿಟಕಿಯಲ್ಲಿ ಕಟ್ಟಿದ್ದು ಮಾತ್ರ ವಾಪಸು ಬರಲಿಲ್ಲ. ಇಂದಿಗೂ ನಾನು ಮನೆಗೆ ಹೋದರೆ ತಟ್ಟೆ ಇಡುವ ಮೊದಲು, “ಅವರು ಇನ್ನೂ ತೊಳೆದ ಕಾರನ್ನೇ ತೊಳೀತಿದಾರೇನೋ?” ಎಂದು ಕೇಳುತ್ತಾಳೆ.

ಅವತ್ತು ನಾನು ಖಾಲಿ ರಸೀದಿ ಪುಸ್ತಕದೊಂದಿಗೆ ಒಳಗೆ ಬಂದಾಗ ಮ್ಯಾನೇಜರು ಬಾಗಿಲಲ್ಲೇ ಕಾಯುತ್ತಿದ್ದರು. “ವ್ಯಾಪಾರ ನಡೀತಿತ್ತಾ?”

“ಇಲ್ಲ ಸಾರ್. ನಾನಿದ್ದಷ್ಟು ಹೊತ್ತೂ ನಮ್ಮನ್ನ ಬೈತಿದ್ರು.”

“ನೀನೇನಂದೆ?”

“ಸರಿಯಾಗಿದೆ ಅಂದೆ ಸಾರ್,” ಎಂದು ಹೇಳಿ ಕಿಟಕಿಗೆ ಹೋಗಿ ಕೂತೆ.