ಮೂರು ಗಂಟೆ ಹತ್ತು ನಿಮಿಷದ ಗಾಡಿ

ಬೈಲಹೊಂಗಲಕ್ಕೆ ರೈಲು ಇಲ್ಲವೆಂಬುದು ಗೊತ್ತಿದ್ದೇ ಬಂದಿದ್ದೆ. ಆದರೆ ರೈಲಿಲ್ಲದ ಊರಿನ ಮಧ್ಯಾಹ್ನ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮೊದಲ ದಿನ ಊಟ ಮುಗಿಸಿ ಬಾಗಿಲಲ್ಲಿ ನಿಂತೆ. ಬಿಸಿಲಿನಲ್ಲಿ ಬೀದಿ ಪೂರ್ತಿ ಬರಿದಾಗಿತ್ತು. ಅಂಗಡಿಗಳ ಬಾಗಿಲು ಅರ್ಧಕ್ಕೆ ಎಳೆದಿದ್ದವು. ಮೂವತ್ತನಾಲ್ಕು ವರ್ಷ ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಮಲಗಿ ಎದ್ದವನಿಗೆ ಅದು ವಿಶ್ರಾಂತಿಯ ಹೊತ್ತು ಎನಿಸಲಿಲ್ಲ. ಎಲ್ಲೋ ಗಾಡಿ ಹಳಿ ತಪ್ಪಿ ಇಡೀ ಸೆಕ್ಷನ್ ನಿಂತುಹೋದ ಹಾಗೆ ಕಂಡಿತು. ಗಡಿಯಾರ ನೋಡಿಕೊಂಡೆ. ಎಲ್ಲಿಂದಲೂ ಏನೂ ಬರಬೇಕಾಗಿರಲಿಲ್ಲ.

ನಾನು ಬೀರೂರು, ಕಡೂರು ಕಡೆಯ ಸಣ್ಣ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ತೊಂಬತ್ತರ ದಶಕದ ಕೊನೆಗೆ ಮಗಳು ವಸುಧಾಳಿಗೆ ಇಲ್ಲಿನ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿಯ ಕೆಲಸ ಸಿಕ್ಕಿತು. ಅವಳೊಬ್ಬಳನ್ನೇ ಕಳಿಸುವುದು ಬೇಡವೆಂದು ನಾನೂ ಹೊರಟೆ. ನಿಜ ಹೇಳಬೇಕೆಂದರೆ, ನಾನೊಬ್ಬನೇ ಉಳಿಯುವುದು ಬೇಡವಾಗಿತ್ತು.

ಗಂಗವ್ವ ಎಂಬ ಹಿರಿಯ ಹೆಂಗಸಿನ ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಕೂರಲು ಕಟ್ಟೆ. ನಮ್ಮ ಕಡೆ ಮನೆಯೆಂದರೆ ಹೆಂಚು, ಇಳಿಜಾರು. ಇಲ್ಲಿ ಮಾಳಿಗೆಯ ಮೇಲೆ ಕಾಳು ಒಣಗುತ್ತವೆ, ಬೇಸಿಗೆಯಲ್ಲಿ ಜನ ಮಲಗುತ್ತಾರೆ. ಮುದ್ದೆ ಉಂಡ ನಾಲಿಗೆಗೆ ಜೋಳದ ರೊಟ್ಟಿ ಹದಿನೈದು ದಿನ ಕಾಗದದಂತಿತ್ತು, ಆಮೇಲೆ ಅದಿಲ್ಲದೆ ಹೊಟ್ಟೆ ತುಂಬಲಿಲ್ಲ. ಮಾತಿಗೆ ಹೊಂದಿಕೊಳ್ಳಲು ಇನ್ನೂ ಹೆಚ್ಚು ದಿನ ಬೇಕಾಯಿತು. ನಾನು ಮರ್ಯಾದೆಗೆಂದು 'ಗಂಗವ್ವನವರೇ' ಎಂದು ಕರೆದರೆ ಆಕೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ನಾ ಏನ್ ತಹಶೀಲ್ದಾರ್ ಹೇಣ್ತಿ ಏನ್ರಿ ಮಾಸ್ತರ್ರ? ಗಂಗವ್ವ ಅನ್ರಿ ಸಾಕು."

ಇಲ್ಲಿ ಎದುರಾದವರೆಲ್ಲ "ಆರಾಮ ಅದೀರಿ?" ಎನ್ನುತ್ತಾರೆ. ಆರಾಮ ಎಂದರೆ ಇಲ್ಲಿ ಆರೋಗ್ಯವೂ ಹೌದು, ನೆಮ್ಮದಿಯೂ ಹೌದು. ಕೇಳಿದವರು ಉತ್ತರಕ್ಕೆ ನಿಲ್ಲುತ್ತಾರೆ. ನಮ್ಮ ಕಡೆ 'ಚೆನ್ನಾಗಿದೀರಾ' ಎನ್ನುತ್ತಲೇ ಮುಂದೆ ಹೋಗಿಬಿಡುತ್ತೇವೆ. ಮೊದಮೊದಲು ಈ ನಿಲ್ಲುವಿಕೆ ಕಿರಿಕಿರಿ ಮಾಡುತ್ತಿತ್ತು. ನನಗೆ ಬೆಳಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ನಡಿಗೆ. ಬೀದಿಯಲ್ಲಿ ನಾಲ್ಕು ಜನ ಆರಾಮ ಕೇಳಿದರೆ ಹತ್ತು ನಿಮಿಷ ತಡ.

ಮೊದಲ ವರ್ಷದ ದಸರಾ ಮುಗಿದ ನಾಲ್ಕನೆಯ ದಿನ ಮಧ್ಯಾಹ್ನ ಅದು ಬಂತು. ಮೂರು ಗಂಟೆ ಹತ್ತು ನಿಮಿಷ. ಬಲಗಣ್ಣಿನ ಹಿಂದೆ ಯಾರೋ ಕಾದ ಬೋಲ್ಟು ಇಟ್ಟು ತಿರುವಿದ ಹಾಗೆ. ಆ ಕಣ್ಣೊಂದೇ ಕೆಂಪಗಾಗಿ ನೀರು ಸುರಿಯಿತು, ರೆಪ್ಪೆ ಜೋತುಬಿತ್ತು, ಮೂಗಿನ ಬಲ ಹೊಳ್ಳೆ ಮಾತ್ರ ಸೋರಿತು. ಮಲಗಲಾಗಲಿಲ್ಲ, ಕೂರಲಾಗಲಿಲ್ಲ. ಹಿತ್ತಿಲ ಗೋಡೆಯಿಂದ ಬೀದಿಬಾಗಿಲವರೆಗೆ ನಡೆದೆ, ತಿರುಗಿದೆ, ಮತ್ತೆ ನಡೆದೆ. ಮನೆ ಸಾಲದೆ ಬೀದಿಗಿಳಿದೆ. ನಾಲ್ಕು ಗಂಟೆ ಐದು ನಿಮಿಷಕ್ಕೆ ನೋವು ಬಂದ ಹಾಗೆಯೇ ಹೋಯಿತು. ಮರುದಿನ ಅದೇ ಹೊತ್ತಿಗೆ ಬಂತು. ಅದರ ಮರುದಿನವೂ ಬಂತು. ಅಷ್ಟು ಕರಾರುವಾಕ್ಕಾದ ಗಾಡಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಒಬ್ಬ ಮುದುಕ ತಲೆ ಹಿಡಿದುಕೊಂಡು ಬಿಸಿಲಲ್ಲಿ ಓಡಾಡಿದರೆ ಜನ ಏನಾದರೂ ಅಂದೇ ಅನ್ನುತ್ತಾರೆ. ಕೆಲವರು ನೀರು ಒಗ್ಗಿಲ್ಲ ಎಂದರು, ಕೆಲವರು ರೊಟ್ಟಿಯ ಉಷ್ಣ ಎಂದರು. ಗಂಗವ್ವ ಔಡಲೆಣ್ಣೆ ತಂದು ನೆತ್ತಿಗೆ ತಟ್ಟಿದಳು. ಆದರೆ ಸರಿಯಾದ ಪ್ರಶ್ನೆ ಕೇಳಿದವಳೂ ಅವಳೇ.

"ತಲಿನೋವು ಅಂದ್ರ ಮಂದಿ ಕತ್ತಲ್ಯಾಗ ಮಕ್ಕೋತಾರ. ನೀವು ಯಾಕ್ರಿ ಹಿಂಗ ತಿರಗಾಕ ಹತ್ತೀರಿ?"

ಅಂದೇ ಒಂದು ರಿಜಿಸ್ಟರ್ ತೆರೆದೆ. ಬಂದ ವೇಳೆ, ಹೋದ ವೇಳೆ, ಷರಾ. ಹಲ್ಲಿನ ವೈದ್ಯರೊಬ್ಬರು ಬಲಗಡೆಯ ಗಟ್ಟಿ ದವಡೆ ಹಲ್ಲೊಂದನ್ನು ಕಿತ್ತರು. ಷರಾ: ಗುಣವಿಲ್ಲ. ಕಣ್ಣಿನವರು ಕನ್ನಡಕ ಬದಲಿಸಿದರು. ಗುಣವಿಲ್ಲ. ಧಾರವಾಡದಲ್ಲಿ ಮೂಗಿನ ಕ್ಷಕಿರಣ ತೆಗೆಸಿ ತಿಂಗಳ ಮಾತ್ರೆ ತಂದೆ. ಗುಣವಿಲ್ಲ. ಕೊನೆಗೆ ಮುನವಳ್ಳಿಯ ಒಬ್ಬ ಅಜ್ಜ ಮೂಗಿಗೆ ಸೊಪ್ಪಿನ ರಸ ಹಿಂಡಿದ. ಮೂರನೆಯ ಸಲ ಹಿಂಡಿಸಿಕೊಂಡು ಬಂದ ಮರುದಿನ ಗಾಡಿ ಬರಲಿಲ್ಲ. ಆಮೇಲೂ ಬರಲಿಲ್ಲ. ಆ ಅಜ್ಜನ ಕೀರ್ತಿಯನ್ನು ನಾನೇ ಸಾರಿದೆ. ನನ್ನ ಮಾತು ನಂಬಿ ಎಂಟು ಜನ ಮೂಗು ಉರಿಸಿಕೊಂಡು ಬಂದರು.

ಮರುವರ್ಷ ದಸರಾ ಕಳೆದು ಐದನೆಯ ದಿನ, ಮೂರು ಹತ್ತಕ್ಕೆ, ಅದು ತಿರುಗಿ ಬಂತು. ಆ ಎಂಟು ಜನರಿಗೆ ಮುಖ ತೋರಿಸುವುದು ನೋವಿಗಿಂತ ಹೆಚ್ಚಾಯಿತು.

ವಸುಧಾ ಶಾಲೆಗೆ ರಜೆ ಹಾಕಿ ನನ್ನನ್ನು ಹುಬ್ಬಳ್ಳಿಯ ನರರೋಗ ವೈದ್ಯರಲ್ಲಿಗೆ ಕರೆದೊಯ್ದಳು. ಅವರು ರಿಜಿಸ್ಟರ್ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು: ನೋವು ಬಂದಾಗ ಮಲಗುತ್ತೀರೋ, ತಿರುಗಾಡುತ್ತೀರೋ? ವಸುಧಾ ನನ್ನ ಮುಖ ನೋಡಿದಳು. ಗಂಗವ್ವ ಒಂದು ವರ್ಷ ಮೊದಲೇ ಕೇಳಿದ್ದ ಪ್ರಶ್ನೆ.

ಅದರ ಹೆಸರು ಕ್ಲಸ್ಟರ್ ತಲೆನೋವು. ಕ್ಲಸ್ಟರ್ ಎಂದರೆ ಗೊಂಚಲು. ವರ್ಷಕ್ಕೊಮ್ಮೆ ಕೆಲವು ವಾರ ಗೊಂಚಲಾಗಿ ಬರುತ್ತದೆ, ಔಷಧಿ ಮಾಡದಿದ್ದರೂ ತನ್ನ ಅವಧಿ ಮುಗಿಸಿ ಹೋಗುತ್ತದೆ. ಮುನವಳ್ಳಿಯ ಅಜ್ಜನಿಗೆ ಹೆಸರು ಬಂದದ್ದು ಹೀಗೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಹಿಡಿತಕ್ಕೆ ತರಬಹುದು ಎಂದರು. ಗೊಂಚಲನ್ನು ಕುಗ್ಗಿಸಲು ರಕ್ತದೊತ್ತಡದವರು ನುಂಗುವ ಒಂದು ಮಾತ್ರೆ, ಅದು ನಿಧಾನ. ನೋವು ಬಂದ ಕೂಡಲೇ ಮುಖವಾಡ ಹಾಕಿ ಶುದ್ಧ ಆಮ್ಲಜನಕ, ನಿಮಿಷಕ್ಕೆ ಹನ್ನೆರಡು ಲೀಟರಿನಂತೆ, ಕಾಲು ಗಂಟೆ. ಚೀಟಿಯಲ್ಲಿ ಹಾಗೆಯೇ ಬರೆದುಕೊಟ್ಟರು.

ನಮ್ಮ ಬೀದಿಯ ಆಚೆ ತುದಿಗೆ ಒಂದು ಚಿಕ್ಕ ನರ್ಸಿಂಗ್ ಹೋಮ್ ಇತ್ತು. ಅಲ್ಲಿನ ವೈದ್ಯರು ಆಮ್ಲಜನಕ ಕೊಡಲು ಒಪ್ಪಿದರು. ದಿನವೂ ಮೂರು ಗಂಟೆಗೇ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಮೂರು ಹತ್ತಕ್ಕೆ ಕಾಂಪೌಂಡರ್ ನನ್ನ ಮೂಗಿಗೆ ಎರಡು ನಳಿಕೆ ಸಿಕ್ಕಿಸಿ ಸಿಲಿಂಡರ್ ತಿರುವಿ ಹೋಗುತ್ತಿದ್ದ. ನೋವು ತನ್ನ ಐವತ್ತೈದು ನಿಮಿಷ ಪೂರೈಸಿಯೇ ಇಳಿಯುತ್ತಿತ್ತು. ನಾನು ನಳಿಕೆಯ ಉದ್ದಕ್ಕೆ ಕಟ್ಟಿಹಾಕಿದ ಹೋರಿಯ ಹಾಗೆ ನಿಂತಲ್ಲೇ ಕಾಲು ಕುಟ್ಟುತ್ತಿದ್ದೆ. ಹತ್ತು ದಿನ, ಹತ್ತು ಸಾಲು. ಗುಣವಿಲ್ಲ.

ಹತ್ತನೆಯ ಸಂಜೆ ವಸುಧಾ ಒಂದು ಅರ್ಜಿ ತೋರಿಸಿದಳು. ಕಡೂರು ಕಡೆಗೆ ವರ್ಗಾವಣೆ ಕೇಳಿದ್ದಳು.

"ಅಲ್ಲಿಂದ ಬೆಂಗಳೂರು ಹತ್ರ ಆಗುತ್ತೆ ಅಪ್ಪ. ದೊಡ್ಡ ಆಸ್ಪತ್ರೆಗಳಿವೆ. ಈ ಊರಿನಲ್ಲಿ ನಿಮ್ಮನ್ನ ಹೀಗೆ ನೋಡ್ತಾ ಇರೋಕೆ ಆಗಲ್ಲ."

ಅವಳಿಗೆ ಈ ಊರು ಹಿಡಿಸಿತ್ತು. ಗಣಿತವೆಂದರೆ ಹೆದರುತ್ತಿದ್ದ ಹುಡುಗಿಯರು ಭಾನುವಾರವೂ ನಮ್ಮ ಕಟ್ಟೆಗೆ ಬಂದು ಲೆಕ್ಕ ಬಿಡಿಸುತ್ತಿದ್ದರು. ಅದನ್ನೆಲ್ಲ ಬಿಟ್ಟು ನನಗಾಗಿ ಹೊರಡಲು ಸಿದ್ಧಳಾಗಿದ್ದಳು. ಬೇಡವೆನ್ನಲು ನನ್ನ ಬಳಿ ಹತ್ತು ಸಾಲಿನ 'ಗುಣವಿಲ್ಲ' ಬಿಟ್ಟು ಬೇರೇನೂ ಇರಲಿಲ್ಲ. ಅರ್ಜಿ ಅಂಚೆಗೆ ಹೋಯಿತು.

ನಮ್ಮ ಎದುರು ಮನೆಯ ಇಮಾಮಸಾಬ ವೆಲ್ಡಿಂಗ್ ಕೆಲಸದವನು. ಬಸ್ ನಿಲ್ದಾಣದ ಹತ್ತಿರ ಅವನ ಅಂಗಡಿ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಾನೆ. ಅರ್ಜಿ ಹೋದ ಮರುದಿನ ಅವನಲ್ಲಿಗೆ ಹೋಗಿ, ನಾಚಿಕೆ ಬಿಟ್ಟು, ಚೀಟಿಯಲ್ಲಿದ್ದುದನ್ನು ಹೇಳಿ, ಕಬ್ಬಿಣ ಕೊಯ್ಯುವ ನಿನ್ನ ಆಮ್ಲಜನಕದ ಸಿಲಿಂಡರಿನಿಂದಲೇ ಒಂದಿಷ್ಟು ಗಾಳಿ ಕೊಡು ಎಂದು ಕೇಳಿದೆ. ಅವನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟ.

"ಇದು ಕಬ್ಬಿಣಕ್ಕ ಕೊಡೂದ್ರಿ ಸಾಹೇಬ್ರ. ನಿಮ್ಮ ಮೂಗಿಗಲ್ಲ. ನಡ್ರಿ, ಅಲ್ಲಿ ಏನ್ ನಡದೈತಿ ನಾ ನೋಡತೇನಿ."

ಮೊಪೆಡ್ ಮೇಲೆ ಕೂರಿಸಿಕೊಂಡು ಹೋದ. ಮೂರು ಹತ್ತಾಗಿತ್ತು. ನಾನು ಕಾಲು ಕುಟ್ಟುತ್ತಿದ್ದರೆ ಅವನು ನನ್ನನ್ನು ನೋಡಲಿಲ್ಲ, ಸಿಲಿಂಡರಿನ ತಲೆಯ ಮೇಲಿದ್ದ ಗಾಜಿನ ಕೊಳವೆಯನ್ನೇ ನೋಡಿದ. ಅದರೊಳಗೆ ಎಷ್ಟು ಲೀಟರ್ ಹರಿಯುತ್ತಿದೆ ಎಂದು ತೋರಿಸುವ ಸಣ್ಣ ಗುಂಡೊಂದು ತೇಲುತ್ತಿತ್ತು.

"ಗುಂಡು ಎರಡರ ಮ್ಯಾಲೆ ನಿಂತೈತಿ. ಚೀಟ್ಯಾಗ ಹನ್ನೆರಡು ಅಂತ ನೀವ ಹೇಳಿದ್ರಿ."

ದಮ್ಮಿನ ಹಿರಿಯರಿಗೆಲ್ಲ ಎರಡೇ ಇಡುವುದು, ಅದೇ ರೂಢಿ, ಹನ್ನೆರಡಕ್ಕೆ ಬಿಟ್ಟರೆ ಸಿಲಿಂಡರ್ ಎಷ್ಟು ದಿನ ಬಾಳುತ್ತದೆ ಎಂದು ಕಾಂಪೌಂಡರ್ ಹೇಳಿದ. ಅವನದೇನೂ ಕೆಟ್ಟ ಮನಸ್ಸಲ್ಲ. ಇಮಾಮಸಾಬ ತಲೆಯಾಡಿಸಿದ.

"ಆಕ್ಸಿಜನ್ ಕಡಿಮಿ ಬಿಟ್ರ ಕಬ್ಬಿಣ ಕೆಂಪಗ ಆಗತೈತ್ರಿ, ಕೊಯ್ಯೂದಿಲ್ಲ. ದಿನಾ ಬರೇ ಕಾಸಾಕ ಹತ್ತೀರಿ."

ತಪ್ಪು ನನ್ನದು. ಆ ಗುಂಡು ಹತ್ತು ದಿನವೂ ನನ್ನ ಕಣ್ಣೆದುರೇ ಇತ್ತು, ಅಂಕಿ ಓದಲು ಬರುತ್ತಿತ್ತು, ಚೀಟಿ ಕಿಸೆಯಲ್ಲಿತ್ತು. ಆದರೆ ಇನ್ನೊಂದು ಇಲಾಖೆಯವನ ಸನ್ನೆಗೋಲಿಗೆ ಕೈ ಹಾಕಬಾರದು, ಅವನ ಕೆಲಸ ಪ್ರಶ್ನಿಸಬಾರದು ಎಂಬುದು ನನಗೆ ಇಪ್ಪತ್ತನೆಯ ವಯಸ್ಸಿನಲ್ಲೇ ಕಲಿಸಿದ ಶಿಸ್ತು. ಆ ಶಿಸ್ತು ನೂರಾರು ಗಾಡಿಗಳನ್ನು ಸುರಕ್ಷಿತವಾಗಿ ದಾಟಿಸಿತ್ತು. ಇಲ್ಲಿ ಅದೇ ಅಡ್ಡ ನಿಂತಿತ್ತು.

ನರ್ಸಿಂಗ್ ಹೋಮಿನ ವೈದ್ಯರು ಚೀಟಿಯನ್ನು ಮತ್ತೆ ಓದಿ ಒಪ್ಪಿಕೊಂಡರು. ಚೀಲವಿರುವ ಮುಖವಾಡವನ್ನು ವಸುಧಾ ಹುಬ್ಬಳ್ಳಿಯಿಂದ ತಂದಳು. ವೈದ್ಯರ ಪತ್ರ ಹಿಡಿದು ಇಮಾಮಸಾಬ ತನ್ನ ಮಾಲು ಬರುವ ಟೆಂಪೋದಲ್ಲೇ ಬೆಳಗಾವಿಯಿಂದ ಆಸ್ಪತ್ರೆಯ ಸಿಲಿಂಡರ್ ತರಿಸಿ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ. ಹತ್ತಿರ ಬೆಂಕಿ ಇರಬಾರದು, ಎಣ್ಣೆ ಮುಟ್ಟಿದ ಕೈ ತಾಕಬಾರದು ಎಂದು ಕಟ್ಟಪ್ಪಣೆ ಮಾಡಿದ. ಔಡಲೆಣ್ಣೆಯ ಬಟ್ಟಲು ಹಿಡಿದು ಬಂದ ಗಂಗವ್ವ ಬಾಗಿಲಲ್ಲೇ ನಿಂತಳು.

"ಟ್ರ್ಯಾಲಿ ಕಟ್ಟಾಂವ ಈಗ ಡಾಕ್ಟರ ಆದ. ಎಣ್ಣಿ ಹಚ್ಚಬ್ಯಾಡಂತ."

"ಹಚ್ಚಬೇ ಯವ್ವಾ, ನಾಕ್ ಗಂಟೇಕ ಹಚ್ಚು. ಅಲ್ಲೀತನ ನಿನ್ನ ಮಾಸ್ತರ ಉಳೀಬೇಕಲ್ಲ?"

ಮರುದಿನ ಮೂರು ಹತ್ತಕ್ಕೆ ನೋವು ಬಂತು. ಮೂರು ಹನ್ನೆರಡಕ್ಕೆ ಮುಖವಾಡ, ಗುಂಡು ಹನ್ನೆರಡರ ಮೇಲೆ. ಮೂರು ಇಪ್ಪತ್ತರ ಹೊತ್ತಿಗೆ ಬೋಲ್ಟು ಸಡಿಲವಾಯಿತು. ಮೂರು ಇಪ್ಪತ್ತಾರಕ್ಕೆ ಏನೂ ಇರಲಿಲ್ಲ. ಮುಖವಾಡ ತೆಗೆದು ಸುಮ್ಮನೆ ಕುಳಿತೆ. ಗೋಡೆಯಾಚೆ ಗಂಗವ್ವನ ಗೊರಕೆ ಕೇಳಿಸಿತು, ಮಾಳಿಗೆಯ ಮೇಲೆ ಗುಬ್ಬಿಗಳು ಕಾಳು ಕೆದಕುವುದು ಕೇಳಿಸಿತು, ದೂರದಲ್ಲಿ ದೊಡವಾಡದ ಬಸ್ಸಿನ ಹಾರ್ನ್ ಕೇಳಿಸಿತು. ಈ ಊರಿನ ಮಧ್ಯಾಹ್ನ ಸದ್ದಿಲ್ಲದ್ದೇನೂ ಆಗಿರಲಿಲ್ಲ. ರಿಜಿಸ್ಟರಿನಲ್ಲಿ ಷರಾದ ಜಾಗದಲ್ಲಿ 'ಲೈನ್ ಕ್ಲಿಯರ್' ಎಂದು ಬರೆದೆ. ಸಂಜೆ ಅದನ್ನು ಓದಿದ ವಸುಧಾ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ವರ್ಗಾವಣೆಯ ಆದೇಶ ಬಂದದ್ದು ಎರಡು ವರ್ಷದ ಮೇಲೆ, ದಸರಾ ಮುಗಿದು ಗೊಂಚಲಿನ ಮಧ್ಯದಲ್ಲಿದ್ದಾಗ. ನಾವಿಬ್ಬರೂ ಆ ಅರ್ಜಿಯನ್ನು ಮರೆತಿದ್ದೆವು. ಹೋಗೋಣವೇ ಎಂದು ವಸುಧಾ ಕೇಳಿದಳು. ಈ ಗೊಂಚಲು ಮುಗಿಯಲಿ ಎಂದೆ. ಅದು ಮುಗಿಯುವ ಹೊತ್ತಿಗೆ ಹಾಜರಾಗುವ ಗಡುವು ದಾಟಿತ್ತು. ಗಡುವು ದಾಟಲು ಬಿಟ್ಟದ್ದು ನನ್ನ ಬದುಕಿನಲ್ಲಿ ಅದೊಂದೇ. ವಸುಧಾ ಅದೇ ಶಾಲೆಯಲ್ಲಿ ಉಳಿದಳು.

ಬೀರೂರಿನಲ್ಲಿರುವ ನನ್ನ ತಂಗಿ ಪ್ರತಿ ವರ್ಷ ದೀಪಾವಳಿಗೆ ಕರೆಯುತ್ತಾಳೆ. ದೀಪಾವಳಿ ಬೀಳುವುದು ಗೊಂಚಲಿನೊಳಗೇ. ಸಿಲಿಂಡರ್ ಹಿಡಿದು ಪ್ರಯಾಣಿಕರ ಡಬ್ಬಿ ಹತ್ತುವಂತಿಲ್ಲ. ಗ್ಯಾಸ್ ಹೊತ್ತುಕೊಂಡು ಬಂದ ಎಷ್ಟೋ ಜನರನ್ನು ನಾನೇ ಪ್ಲಾಟ್‌ಫಾರ್ಮಿಗೆ ಇಳಿಸಿದ್ದೇನೆ. ಬೇಸಿಗೆಯಲ್ಲಿ ಹೋದಾಗ ಹಳೆಯ ಕ್ವಾರ್ಟರ್ಸ್ ಎದುರು ನಿಲ್ಲುತ್ತೇನೆ, ಗಾಡಿ ಬಂದರೆ ಕೈ ತಾನೇ ಗಡಿಯಾರಕ್ಕೆ ಹೋಗುತ್ತದೆ. ಮೂರನೆಯ ದಿನಕ್ಕೆ ರೊಟ್ಟಿ ಬೇಕೆನಿಸುತ್ತದೆ. ತಂಗಿ ಮುದ್ದೆ ಬಡಿಸುತ್ತ, ನಿನ್ನ ಮಾತು ಯಾಕೋ ಬೇರೆಯವರದಾಯಿತು ಅನ್ನುತ್ತಾಳೆ. ಇಲ್ಲಿ ಗಂಗವ್ವ ಇಂದಿಗೂ ನನ್ನನ್ನು "ಮೈಸೂರ ಕಡೇ ಮಾಸ್ತರ" ಎಂದೇ ಪರಿಚಯಿಸುತ್ತಾಳೆ.

ಇದನ್ನು ಬರೆಯುತ್ತಿರುವುದು ದಸರಾ ಮುಗಿದ ಆರನೆಯ ದಿನ, ಊಟದ ನಂತರ. ಗೊಂಚಲು ಮೊನ್ನೆಯೇ ಶುರುವಾಗಿದೆ. ನಿನ್ನೆ ಇಮಾಮಸಾಬ ಬಂದು ಗುಂಡು ಸರಿಯಾಗಿ ಏಳುತ್ತದೆಯೇ ನೋಡಿ ಹೋದ. ತಂಗಿಯ ಕಾಗದ ಮೇಜಿನ ಮೇಲಿದೆ, ಉತ್ತರಿಸಿಲ್ಲ. ಜನ್ಮದಲ್ಲಿ ರೈಲು ಹತ್ತದ ಗಂಗವ್ವ ನಿದ್ದೆ ಬಿಟ್ಟು ಕಟ್ಟೆಯ ಮೇಲೆ ಬಂದು ಕುಳಿತಿದ್ದಾಳೆ. ಅವಳ ಬಳಿ ಗಡಿಯಾರವಿಲ್ಲ, ಬಾಗಿಲ ಬಳಿಯ ಬಿಸಿಲು ಎರಡನೆಯ ಮೆಟ್ಟಿಲಿಗೆ ಬಂದಿದೆಯೇ ಎಂದು ನೋಡುತ್ತಾಳೆ.

"ಮಾಸ್ತರ್ರ, ಪೆನ್ನು ಕೆಳಗ ಇಡ್ರಿ. ನಿಮ್ಮ ಗಾಡಿ ಟೈಮ್ ಆತು."

ಗಡಿಯಾರ ನೋಡಿದೆ. ಮೂರು ಗಂಟೆ ಎಂಟು ನಿಮಿಷ.