ಮೂರು ಹನಿಯ ಮಳೆ

ಈ ಸಲದ ಕುರಡಿಗೆ ಸಂಡಿಗೆ ಕೆಟ್ಟದ್ದು ನನ್ನಿಂದ. ಮಳೆಯಿಂದಲ್ಲ, ಮೋಡದಿಂದಲ್ಲ, ಭೂಮಿ ಬಿಸಿಯಾದದ್ದರಿಂದಲೂ ಅಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಈಗ ಏನು ಕೆಟ್ಟರೂ ಭೂಮಿಯ ಮೇಲೆ ಹಾಕುವ ರೂಢಿ ಬಂದಿದೆ. ಹಾಲು ಒಡೆದರೆ ಭೂಮಿ ಬಿಸಿಯಾಗಿದೆ. ಸ್ಕೂಟರಿನ ಬ್ಯಾಟರಿ ಕೂತರೆ ಭೂಮಿ ಬಿಸಿಯಾಗಿದೆ. ಹಿಂದಿನ ಮನೆಯ ಹುಡುಗಿ ಗಣಿತದಲ್ಲಿ ನಪಾಸಾದಾಗ ಅವಳ ತಾಯಿ, ಪರೀಕ್ಷೆಯ ಕೋಣೆಯಲ್ಲಿ ಭಾಳ ಸೆಕೆ ಇತ್ತಂತೆ ಎಂದಳು. ಅದೇ ಕೋಣೆಯಲ್ಲಿ ಕೂತ ಉಳಿದವರು ಪಾಸಾದದ್ದು ಹೇಗೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಾವು ಮೂಲದಲ್ಲಿ ದಾಂಡೇಲಿಯವರಲ್ಲ, ಧಾರವಾಡದ ಕಡೆಯವರು. ಗಂಡ ಲಾರಿ ನಡೆಸುತ್ತಿದ್ದರು. ಆ ಲಾರಿಯ ಹಿಂದೆ ನಾನೂ ಬಂದೆ. ಬರುವಾಗ ತಂದದ್ದು ಒಂದು ಟ್ರಂಕು, ಶಾವಿಗೆ ಒತ್ತುವ ಒಂದು ಹಿತ್ತಾಳೆಯ ಒತ್ತು, ಮತ್ತೆ ಕುರಡಿಗೆ ಮಾಡುವ ಚಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೋಧಿಯನ್ನು ಮೂರು ದಿನ ನೆನೆ ಹಾಕಿ ದಿನಾ ನೀರು ಬದಲಿಸಬೇಕು. ನಾಲ್ಕನೆಯ ದಿನ ರುಬ್ಬಿ ಹಾಲು ಹಿಂಡಿಡಬೇಕು. ಐದನೆಯ ದಿನ ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿ, ಉಪ್ಪು, ಇಂಗು ಹಾಕಿ ಗಟ್ಟಿಯಾಗಿ ಕುದಿಸಿ, ಬಿಸಿಯಿರುವಾಗಲೇ ಒತ್ತಿಗೆ ತುಂಬಿ, ಮಾಳಿಗೆಯ ಮೇಲೆ ಹಾಸಿದ ಹಳೆಯ ಸೀರೆಗಳ ಮೇಲೆ ಎಳೆಎಳೆಯಾಗಿ ಒತ್ತಬೇಕು. ಎರಡು ಒಳ್ಳೆಯ ಬಿಸಿಲು ಬಿದ್ದರೆ ವರ್ಷವಿಡೀ ಕರಿದು ತಿನ್ನಬಹುದು. ಗೋಧಿ ನೆನೆಯುವ ಮೂರೂ ದಿನ ಓಣಿಯೆಲ್ಲ ಹುಳಿ ನಾರುತ್ತದೆ, ನೆಂಟರು ಬಂದರೂ ಬೇಗ ಎದ್ದು ಹೋಗುತ್ತಾರೆ. ಅದೂ ಒಂದು ಲಾಭ.

ಇದರಲ್ಲಿ ಒಂದೇ ಕಷ್ಟ. ಗೋಧಿ ನೀರಿಗೆ ಬಿದ್ದ ಮೇಲೆ ಹಿಂದೆ ಸರಿಯಲಿಕ್ಕಾಗದು. ಮದುವೆಯನ್ನಾದರೂ ಮುಂದೆ ಹಾಕಬಹುದು, ನೆನೆದ ಗೋಧಿಯನ್ನು ಮುಂದೆ ಹಾಕಲಾಗುವುದಿಲ್ಲ. ಹಾಗಾಗಿ ದಿನ ಯಾರು ಹೇಳುತ್ತಾರೆ ಎಂಬುದು ದೊಡ್ಡ ಮಾತು. ನಮ್ಮ ಓಣಿಯಲ್ಲಿ ಎಂಟು ಮನೆಯವರು ಒಟ್ಟಿಗೆ ಮಾಡುತ್ತೇವೆ, ಎಲ್ಲ ನನ್ನ ಮಾಳಿಗೆಯ ಮೇಲೆಯೇ. ದಿನ ಹೇಳುವವಳು ಎಲ್ಲರಿಗಿಂತ ಹಿರಿಯಳು, ಅಂದರೆ ನಾನು. ಹೋಳಿಯ ಕಾಮನನ್ನು ಸುಟ್ಟ ಐದನೆಯ ದಿನದ ಸುಮಾರಿಗೆ ಪಡುವಣ ಆಕಾಶ ನೋಡುತ್ತೇನೆ, ಇರುವೆಗಳು ತತ್ತಿ ಹೊತ್ತು ಹೊರಟಿವೆಯೋ ನೋಡುತ್ತೇನೆ, ಎಡಗಾಲಿನ ಮೊಣಕಾಲನ್ನು ಕೇಳುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಎರಡು ಸಲ ತಪ್ಪಿದ್ದುಂಟು, ಅವನ್ನು ನಾನು ಹಿಡಿಯುವುದಿಲ್ಲ.

ಭೂಮಿ ಬಿಸಿಯಾದ ಕತೆಯನ್ನು ನನಗೆ ಹೇಳಿದವಳು ಸವಿತಾ, ಮಗನ ಮಗಳು. ಬಂಗೂರನಗರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟ ಹೊಗೆ ಮೇಲೆ ಹೋಗಿ ನಿಲ್ಲುತ್ತದಂತೆ. ಬಿಸಿಲು ಒಳಗೆ ಬರುತ್ತದೆ, ಕಾವು ಹೊರಗೆ ಹೋಗುವುದಿಲ್ಲ. ಆ ಹೊಗೆಯನ್ನು ಒಂದಿಷ್ಟು ಕುಡಿಯುವ ಕಾಡನ್ನೂ ಕಡಿದೆವು. ನಾನು ಓದಿದ್ದು ನಾಲ್ಕನೇ ಇಯತ್ತೆ, ಆದರೂ ಇದು ಕೂಡಲೇ ತಿಳಿಯಿತು. ಬೇಸಿಗೆಯಲ್ಲಿ ಭೂಮಿಗೆ ಕೌದಿ ಹೊದಿಸಿದ್ದೇವೆ. ಹಳಿಯಾಳದ ಕಡೆಯ ಸಿದ್ದಿ ಹೆಂಗಸೊಬ್ಬಳು ಹೊಲಿದುಕೊಟ್ಟ ಕೌದಿ ನನ್ನ ಹತ್ತಿರ ಇದೆ. ಹಳೆಯ ಬಟ್ಟೆಯ ಒಂದೊಂದು ತುಂಡು ಸೇರಿಸಿ ಹೊಲಿದದ್ದು, ಎಷ್ಟು ದಪ್ಪವೆಂದರೆ ಹೊದ್ದವರು ಮಗ್ಗುಲು ಬದಲಿಸಬೇಕಾದರೆ ಮೊದಲು ಯೋಚನೆ ಮಾಡಬೇಕು. ಭೂಮಿಯ ಕೌದಿಯೂ ಹಾಗೆಯೇ ಇರಬೇಕು. ಎಲ್ಲರೂ ಒಂದೊಂದು ತುಂಡು ಹಾಕಿದವರೇ. ನನ್ನ ಗಂಡನ ಲಾರಿಯದು ಒಂದು ತುಂಡು, ಅವರ ಬೀಡಿಯದು ಸಣ್ಣ ಅಂಚು. ನಾನು ದಿನಾ ಬೆಳಿಗ್ಗೆ ಅಂಗಳದ ಕಸಕ್ಕೆ ಬೆಂಕಿ ಹಚ್ಚುವುದು ಇನ್ನೊಂದು. ದೊಡ್ಡ ದೊಡ್ಡ ದೇಶಗಳು ಇಡೀ ಸೀರೆಗಳನ್ನೇ ಹಾಕಿವೆ ಎಂದು ಸವಿತಾ ಹೇಳಿದಳು. ಅದನ್ನು ಕೇಳಿ ಸ್ವಲ್ಪ ಸಮಾಧಾನವಾಯಿತು.

ದಾಂಡೇಲಿ ಮೊದಲು ಹೀಗಿರಲಿಲ್ಲ. ನಾನು ಬಂದ ಹೊಸತರಲ್ಲಿ ಬೇಸಿಗೆಯ ಬೆಳಗಿನ ಜಾವಕ್ಕೂ ಹೊದ್ದು ಮಲಗಬೇಕಿತ್ತು. ಈಗ ಎರಡು ಫ್ಯಾನು ತಿರುಗುತ್ತವೆ, ಬಿಸಿ ಗಾಳಿಯನ್ನು ಒಂದು ಇನ್ನೊಂದಕ್ಕೆ ಕೊಡುತ್ತದೆ. ನನ್ನ ಅಣ್ಣನ ಮಗ ಇಲ್ಲೇ ಹತ್ತಿರದ ಗಣೇಶಗುಡಿ ಎಂಬ ಊರಿನಲ್ಲಿ ಹೋಂಸ್ಟೇಗೆ ಬರುವವರನ್ನು ಜೀಪಿನಲ್ಲಿ ಸುತ್ತಿಸುತ್ತಾನೆ. ಪೇಟೆಯ ಸೆಕೆ ತಾಳಲಾರದೆ ಕಾಡಿನ ತಂಪಿಗೆ ಅಂತ ಬರುತ್ತಾರಂತೆ, ಇಳಿದ ಕೂಡಲೇ ಕೇಳುವುದು ರೂಮಿನಲ್ಲಿ ಎಸಿ ಇದೆಯೋ ಎಂದು. ರೂಮಿನ ಕಾವನ್ನು ನಮ್ಮ ಕಾಡಿಗೆ ಊದಿ, ತಾವು ತಣ್ಣಗೆ ಮಲಗಿ, ಎರಡು ದಿನ ಬಿಟ್ಟು ನಿಸರ್ಗ ಎಷ್ಟು ಚಂದ ಎಂದು ಬರೆದು ಹೋಗುತ್ತಾರೆ. ನಾನು ನಗುವ ಹಾಗಿಲ್ಲ, ನನ್ನ ಅಣ್ಣನ ಮಗನ ಹೊಟ್ಟೆ ಅದರಲ್ಲೇ ನಡೆಯುತ್ತದೆ.

ಇಷ್ಟೆಲ್ಲ ತಿಳಿದವಳು ಕುರಡಿಗೆಯ ವಿಷಯದಲ್ಲಿ ಏನು ಮಾಡಿದೆ, ಕೇಳಿರಿ. ಮಂಗಳವಾರ ಗೋಧಿ ನೆನೆ ಹಾಕಿರಿ, ಶನಿವಾರ ಒತ್ತೋಣ ಎಂದು ಓಣಿಗೆಲ್ಲ ಹೇಳಿಬಿಟ್ಟಿದ್ದೆ. ಸೋಮವಾರ ಸಂಜೆ ಸವಿತಾ ಫೋನು ಹಿಡಿದುಕೊಂಡು ಬಂದಳು.

"ಆಯಿ, ಶನಿವಾರ ಬ್ಯಾಡ. ಮಧ್ಯಾಹ್ನ ಮಳಿ ತೋರಿಸ್ತೈತಿ."

"ಅದಕ್ಕ ವಯಸ್ಸೆಷ್ಟು?"

"ಯಾವುದಕ್ಕ?"

"ಆ ಫೋನಿಗೆ."

"ತಗೊಂಡು ಎರಡು ವರ್ಷ ಆತು."

"ನನಗ ಎಪ್ಪತ್ತೊಂದು. ಇಲ್ಲೆ ತೋರಿಸು."

ತೋರಿಸಿದಳು. ಶನಿವಾರದ ಕೆಳಗೆ ಒಂದು ಮೋಡ ಬರೆದಿತ್ತು, ಮೋಡದ ಕೆಳಗೆ ಮೂರು ಹನಿ. ನಾನು ಎಣಿಸಿದೆ, ಸರಿಯಾಗಿ ಮೂರೇ. ಮೂರು ಹನಿಗೆ ನೊಣ ಕೂಡ ತೊಯ್ಯುವುದಿಲ್ಲ ಎಂದೆ. ಅದು ಲೆಕ್ಕವಲ್ಲ, ಗುರುತು ಎಂದಳು. ಗುರುತು ನನ್ನ ಮೊಣಕಾಲಿನಲ್ಲೂ ಇದೆ, ಅದು ಸುಮ್ಮನಿದೆ ಎಂದೆ. ಹೋಳಿಯ ವಾರದಲ್ಲಿ ಮಳೆ ಬಂದದ್ದನ್ನು ನಾನು ಕಂಡಿಲ್ಲ ಎಂದೂ ಸೇರಿಸಿದೆ. ಅವಳು ಫೋನು ಮುಚ್ಚಿಕೊಂಡು ಒಳಗೆ ಹೋದಳು. ಈ ಮಾತು ನಡೆದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮಂಗಳವಾರ ಎಂಟೂ ಮನೆಯಲ್ಲಿ ಗೋಧಿ ನೀರಿಗೆ ಬಿತ್ತು.

ಶನಿವಾರ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಏಳು ಗಂಟೆಗೇ ಮಾಳಿಗೆ ಕಾದಿತ್ತು. ಈ ಸಲ ಹೋಳಿ ರಮಜಾನಿನ ನಡುವೆ ಬಂದದ್ದರಿಂದ ಮೆಕ್ಯಾನಿಕನ ಹೆಂಡತಿ ಶಕೀಲಾ ರೋಜಾ ಹಿಡಿದೇ ಬಂದಿದ್ದಳು. ಈದ್ ಹಬ್ಬಕ್ಕೆ ಮಗಳ ಅತ್ತೆ ಮನೆಯವರು ಬರುವವರಿದ್ದರು, ಅವರೆದುರು ಕರಿದಿಡಲು ಕುರಡಿಗೆ ಬೇಕೇ ಬೇಕಿತ್ತು. ಉಪ್ಪು ನೋಡುವ ಕೆಲಸ ನಿಮ್ಮದು ಎಂದು ನನಗೆ ಬಿಟ್ಟು ಎಲ್ಲರಿಗಿಂತ ಜೋರಾಗಿ ಒತ್ತು ತಿರುಗಿಸಿದಳು. ಎದುರು ಮನೆಯ ಗಂಗವ್ವ ನನಗಿಂತ ಎರಡು ವರ್ಷ ಸಣ್ಣವಳು. ಆ ಎರಡು ವರ್ಷಕ್ಕಾಗಿ ದಿನ ಹೇಳುವ ಅಧಿಕಾರ ಕೈತಪ್ಪಿತೆಂದು ಇಪ್ಪತ್ತಾರು ವರ್ಷದಿಂದ ಕೊರಗುತ್ತಿದ್ದಾಳೆ. ಅವಳ ಸುರುಳಿಗಳು ಯಾವಾಗಲೂ ದಪ್ಪ. ಅಂದೂ ದಪ್ಪವೇ ಇದ್ದವು. ಹನ್ನೆರಡಕ್ಕೆಲ್ಲ ಮಾಳಿಗೆಯ ತುಂಬ ಬಿಳಿ ಸುರುಳಿ. ನಾನು ಸವಿತಾಳ ಕಡೆ ನೋಡಿ ಆಕಾಶಕ್ಕೆ ಕೈ ತೋರಿಸಿದೆ. ಅವಳು ನಗಲಿಲ್ಲ.

ಎರಡೂವರೆಗೆ ಗಣೇಶಗುಡಿಯ ದಿಕ್ಕಿನಿಂದ ಎಮ್ಮೆಯಂಥ ಮೋಡ ಎದ್ದಿತು. ಎಮ್ಮೆ ಇಷ್ಟು ಜೋರಾಗಿ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಸೀರೆಗಳ ತುದಿ ಹಿಡಿಯುವಷ್ಟರಲ್ಲಿ ಮಳೆ ನಮ್ಮ ಮೇಲಿತ್ತು. ಹನಿ ಮೂರೇ ಇದ್ದಿರಬಹುದು, ಒಂದೊಂದೂ ಒಂದೊಂದು ಕೊಡದಷ್ಟಿತ್ತು. ಮಾಳಿಗೆ ಇಳಿದು ಪಕ್ಕದ ಶಕೀಲಾಳ ಗ್ಯಾರೇಜಿನ ತಗಡಿನ ಕೆಳಗೆ ಸೀರೆ ಎಳೆದುಕೊಂಡು ಓಡಿದೆವು. ಓಡುವ ಭರಕ್ಕೆ ಸುರುಳಿಗಳೆಲ್ಲ ಸೇರಿ ಒಂದು ಮುದ್ದೆಯಾದವು. ಯಾವ ಮುದ್ದೆ ಯಾರ ಮನೆಯದೆಂದು ತಿಳಿಯುವ ಹಾಗಿರಲಿಲ್ಲ, ಗಂಗವ್ವನದು ಮಾತ್ರ ದಪ್ಪದ ಮೇಲೆ ಗೊತ್ತಾಯಿತು.

ಗ್ಯಾರೇಜಿನಲ್ಲಿ ತೊಯ್ದು ನಿಂತ ಹೆಂಗಸರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಉತ್ತರ ಕೊಡಲು ಬರುತ್ತಿತ್ತು. ಗಂಗವ್ವ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು.

"ನಿಂದೇನ್ ತಪ್ಪೈತಿ ಇದರಾಗ, ಚೆನ್ನಕ್ಕ? ಇಡೀ ಭೂಮಿನ ಕಾದೈತಿ. ಹೋಳಿ ವಾರದಾಗ ಮಳಿ ಬಂದ್ರ ಯಾರೇನ್ ಮಾಡಾಕ ಆಗತೈತಿ?"

ಗಂಗವ್ವನಿಂದ ಕ್ಷಮೆ ಪಡೆಯುವುದಕ್ಕಿಂತ ಕಾಳಿ ನದಿಗೆ ಬೀಳುವುದು ವಾಸಿ. ಆದರೂ ಹೌದವ್ವಾ, ಕಾಲ ಕೆಟ್ಟೈತಿ ಎಂದುಬಿಟ್ಟೆ. ಸವಿತಾ ಅಲ್ಲೇ ಸೀರೆ ಹಿಂಡುತ್ತಿದ್ದಳು. ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು, ಮತ್ತೆ ಹಿಂಡಿದಳು.

ಆಗ ಶಕೀಲಾ ಮೆಲ್ಲಗೆ ಅಂದಳು, "ಇನ್ನ ಮ್ಯಾಲ ಪ್ಯಾಕೆಟ್ ತರೂಣು ಬಿಡ್ರಿ, ಅಮ್ಮಾ. ಹಳಿಯಾಳದಾಗ ಚಲೋ ಸಿಗ್ತಾವ. ಈ ಹವಾ ನಂಬಾಕ ಆಗೂದಿಲ್ಲ."

ಒಬ್ಬೊಬ್ಬರಾಗಿ ಎಲ್ಲರೂ ತಲೆಯಾಡಿಸಿದರು. ಅಷ್ಟೇ. ಇಪ್ಪತ್ತಾರು ವರ್ಷದ ಕೆಲಸ ನಾಲ್ಕು ತಲೆಯಾಟಕ್ಕೆ ಮುಗಿಯಿತು. ಮುಂದಿನ ಹೋಳಿಗೆ ಉಳಿದ ಏಳು ಮನೆಯ ಹೆಂಗಸರು ನನ್ನ ಮಾಳಿಗೆ ಹತ್ತುವುದಿಲ್ಲ. ತಮ್ಮ ತಮ್ಮ ಮನೆಯಲ್ಲಿ ಕೂತು ಕತ್ತರಿಯಿಂದ ಪ್ಯಾಕೆಟ್ ಕತ್ತರಿಸುತ್ತಾರೆ. ಸೊಸೆಯರ ಮೇಲಿನ ಸಿಟ್ಟನ್ನೆಲ್ಲ ಯಾವ ಮಾಳಿಗೆಯ ಮೇಲೆ ಒಣ ಹಾಕುತ್ತಾರೋ.

ಸಂಜೆ ಮುದ್ದೆಗೆ ಒಗ್ಗರಣೆ ಹಾಕಿದೆ. ಚೆನ್ನಾಗಿಯೇ ಇತ್ತು, ಅದು ಇನ್ನೂ ಸಿಟ್ಟು ತರಿಸಿತು. ತಿನ್ನುತ್ತಾ ಯೋಚಿಸಿದೆ. ಭೂಮಿ ಬಿಸಿಯಾದದ್ದು ಖರೆ. ಬರಬಾರದ ವಾರದಲ್ಲಿ ಮಳೆ ಬರುವುದೂ ಖರೆ. ಆದರೆ ಮನೆಯ ಮಗು ಮುಂಚೆಯೇ ಬಂದು ಹೇಳಿತ್ತು, ಹಿರಿಯಳು ಮೊಣಕಾಲು ನೋಡಿಕೊಂಡು ಕೂತಳು. ದೊಡ್ಡ ದೊಡ್ಡ ಸಭೆಗಳಲ್ಲಿ ಕೂತವರೂ ಇದನ್ನೇ ಮಾಡುತ್ತಿರಬೇಕು, ಮೊಣಕಾಲು ಮಾತ್ರ ಬೇರೆ. ಇನ್ನೊಂದು ಮಾತು. ತಪ್ಪು ಭೂಮಿಯದು ಎಂದರೆ ನಾವು ಮಾಡುವುದು ಏನೂ ಉಳಿಯುವುದಿಲ್ಲ, ಹಳಿಯಾಳದ ಪ್ಯಾಕೆಟ್ಟೇ ಗತಿ. ತಪ್ಪು ನನ್ನದು ಎಂದರೆ ಮತ್ತೊಮ್ಮೆ ಗೋಧಿ ನೆನೆ ಹಾಕಬಹುದು.

ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ ಸವಿತಾಳನ್ನು ಎಬ್ಬಿಸಿ, ಫೋನು ಏನನ್ನುತ್ತದೆ ಎಂದು ಕೇಳಿದೆ. ಆರು ದಿನ ಬಿಸಿಲು, ಅದರಾಚೆಯದು ಅದಕ್ಕೂ ಖಾತ್ರಿ ಇಲ್ಲ ಎಂದಳು. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಆ ಫೋನಿನ ಮೇಲೆ ಮೊದಲ ಸಲ ಗೌರವ ಬಂತು. ಅವಳನ್ನು ಕರೆದುಕೊಂಡು ನೇರವಾಗಿ ಗಂಗವ್ವನ ಬಾಗಿಲಿಗೆ ಹೋದೆ.

"ಗಂಗವ್ವಾ, ಮಳಿ ಬರತೈತಂತ ಈಕಿ ಸೋಮವಾರನ ಹೇಳಿದ್ಲು. ನಾ ಕೇಳಲಿಲ್ಲ. ಇವತ್ತ ಮತ್ತ ಗೋಧಿ ನೆನಿ ಹಾಕು. ಇನ್ನ ಮ್ಯಾಲ ಒತ್ತೂ ದಿನ ಯಾವುದಂತ ಈಕಿ ಹೇಳ್ತಾಳ."

ಗಂಗವ್ವ ನನ್ನನ್ನು ನೋಡಿದಳು, ಸವಿತಾಳನ್ನು ನೋಡಿದಳು. ಅಧಿಕಾರ ತನಗಿಂತ ಐವತ್ತು ವರ್ಷ ಸಣ್ಣವಳಿಗೆ ಹೋದದ್ದು ಅವಳಿಗೆ ನುಂಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೇನೋ ಎನ್ನುವಷ್ಟರಲ್ಲಿ ಬುಟ್ಟಿ ಹಿಡಿದು ಹೊರಗೆ ಬಂದು, ಗೋಧಿ ಎರಡು ಸೇರು ಕಡಿಮೆ ಬೀಳುತ್ತವೆ, ನಿಮ್ಮಲ್ಲಿವೆಯೋ ಎಂದು ಕೇಳಿದಳು.

ಅಲ್ಲಿಂದ ಶಕೀಲಾಳ ಮನೆಗೆ ಹೋಗಿ ಅದೇ ಮಾತು ಹೇಳಿದೆ, ಆಮೇಲೆ ಉಳಿದ ಮನೆಗಳಿಗೂ. ಮೊದಲನೆಯ ಬಾಗಿಲಲ್ಲಿ ಮಾತನ್ನು ಆದಷ್ಟು ಬೇಗ ಮುಗಿಸಿದ್ದೆ. ನಾಲ್ಕನೆಯದರಲ್ಲಿ ರೂಢಿಯಾಯಿತು. ಏಳನೆಯ ಬಾಗಿಲಿಗೆ ಬರುವಷ್ಟರಲ್ಲಿ, ತಪ್ಪು ಒಪ್ಪಿಕೊಳ್ಳುವುದರಲ್ಲಿ ಈ ಓಣಿಯಲ್ಲಿ ನನ್ನಂಥವಳು ಇನ್ನೊಬ್ಬಳಿಲ್ಲ ಎಂಬ ಗರ್ವ ನನಗೆ ಬಂದುಬಿಟ್ಟಿತ್ತು.