ಕುರ್ಚಿ ಬೇಡವೆಂದ ಲಕ್ಷ್ಮಮ್ಮ ಟೀಚರ್

ಸರ್ಕಾರಿ ಕಚೇರಿಯಲ್ಲಿ ಯಾರಾದರೂ ಕುರ್ಚಿ ತೋರಿಸಿದರೆ ಲಕ್ಷ್ಮಮ್ಮ ಟೀಚರ್ ಕೂರುತ್ತಿರಲಿಲ್ಲ. "ಕೂತ್ರೆ ಕೋಪ ಇಳಿದೋಗ್ತದೆ ಕಣೋ" ಎನ್ನುತ್ತಿದ್ದರು. ಹಾಸನದ ಕಡೆಯಿಂದ ಅಮ್ಮತ್ತಿ ಹತ್ತಿರದ ನಮ್ಮೂರಿಗೆ ಬಂದು, ನನಗೂ ಅಕ್ಷರ ಕಲಿಸಿ, ನಿವೃತ್ತಿಯ ಮೇಲೆ ನಮ್ಮ ಪಕ್ಕದ ಮನೆಯಲ್ಲೇ ಉಳಿದವರು. ಮಂಡಿನೋವಿದ್ದರೂ ಜಗಳವೆಲ್ಲ ನಿಂತೇ. ಜೀಪಿನಲ್ಲಿ ಅವರನ್ನು ಕಚೇರಿ ಕಚೇರಿಗೆ ಕರೆದೊಯ್ಯುವ ಕೆಲಸ ನನ್ನದು.

ಜಗಳ ನೀರಿಗಾಗಿ. ಮೇಲಿನ ಎಸ್ಟೇಟಿನವರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಕೊಳಕನ್ನೆಲ್ಲ ತೋಡಿಗೆ ಬಿಡುತ್ತಿದ್ದರು. ತೋಡಿನ ದಡದಲ್ಲೇ ನಮ್ಮೆರಡು ಮನೆಗೂ ಇದ್ದ ಒಂದೇ ಬಾವಿ. ಕಾಫಿ ಕುಯ್ಲು ಶುರುವಾಯಿತೆಂದರೆ ಬಾವಿ ನೀರು ನಾರುತ್ತಿತ್ತು, ಮುಖ ತೊಳೆದರೆ ಚರ್ಮ ಉರಿಯುತ್ತಿತ್ತು. ಟೀಚರ್ ದೂರು ಕೊಟ್ಟರು. ಮಾಲಿನ್ಯ ತಡೆಯಬೇಕಾದ ಇಲಾಖೆಯವರು ಬಂದದ್ದು ಯಾವಾಗ? ಕಕ್ಕಡ ತಿಂಗಳ ಜಡಿಮಳೆಯಲ್ಲಿ! ಕುಯ್ಲು ಮುಗಿದು ಪಲ್ಪರಿಗೆ ಬೀಗ ಬಿದ್ದು, ತೋಡು ದಡ ಮೀರಿ ಹರಿಯುವಾಗ ಬಾಟಲಿಗೆ ನೀರು ತುಂಬಿಕೊಂಡು ಹೋಗಿ, ಶುದ್ಧವಾಗಿದೆ ಎಂದು ಬರೆದರು.

"ಕುಯ್ಲಿಗೆ ಬನ್ನಿ ಸಾರ್, ಇದೇ ನೀರಲ್ಲಿ ಕಾಫಿ ಮಾಡ್ಕೊಡ್ತೀನಿ" ಎಂದರು ಟೀಚರ್. ಒಬ್ಬನೂ ಬರಲಿಲ್ಲ.

ಕೊನೆಗೆ ಪಲ್ಪರಿಗೆ ಪರವಾನಗಿ ಕೊಟ್ಟ ಅಧಿಕಾರಿಯ ಆದೇಶದ ಮೇಲೆಯೇ ಮೇಲ್ಮನವಿ ಹಾಕಿದರು. ವಿಚಾರಣೆಗೆ ಹೋಗಿ ನೋಡಿದರೆ, ಬಡ್ತಿ ಪಡೆದು ಅದನ್ನು ಕೇಳಲು ಕೂತಿದ್ದವನು ಅದೇ ಮಹಾಶಯ! ನನಗೆ ಮೈಯೆಲ್ಲ ಉರಿಯಿತು.

"ನಾನು ದೂರಿರೋದೇ ನಿಮ್ಮನ್ನ. ನೀವೇ ಕೇಳೋದಾದ್ರೆ ನನ್ನ ಯಾಕೆ ಕರೆಸಿದ್ರಿ? ಕನ್ನಡಿ ಮುಂದೆ ನಿಂತು ಒಬ್ರೇ ಮಾತಾಡ್ಕೋಬೋದಿತ್ತಲ್ಲ?" ಎಂದರು ಟೀಚರ್.

"ನಾನೀಗ ಬೇರೆ ಹುದ್ದೇಲಿದೀನಮ್ಮ."

"ಹುದ್ದೆ ಬೇರೆ. ಸಹಿ ಹಾಕಿದ ಕೈ ಅದೇ ಅಲ್ವಾ?"

ಮೇಲ್ಮನವಿ ವಜಾ ಆಯಿತು. ಟೀಚರ್ ಬಿಡಲಿಲ್ಲ, ಹೈಕೋರ್ಟಿಗೆ ಹೋದರು. ಬೇರೊಬ್ಬ ಅಧಿಕಾರಿ ಕುಯ್ಲಿನ ಕಾಲದಲ್ಲೇ ನೀರು ಪರೀಕ್ಷಿಸಿ ಹೊಸದಾಗಿ ವಿಚಾರಣೆ ನಡೆಸಬೇಕು ಎಂದು ಕೋರ್ಟು ಹೇಳಿತು. ಅಂದು ಟೀಚರ್ ಹೊರಗಿನ ಬೆಂಚಿನ ಮೇಲೆ ಕೂತು, ಮಕ್ಕಳಂತೆ ಕಾಲಾಡಿಸುತ್ತ ಕಡಲೆಕಾಯಿ ತಿಂದರು.

ಆ ಬೇರೊಬ್ಬ ಅಧಿಕಾರಿಯನ್ನು ಇಲಾಖೆ ನೇಮಿಸಲೇ ಇಲ್ಲ. ಕುಯ್ಲಿನ ಮೇಲೆ ಕುಯ್ಲು ಕಳೆಯಿತು. ಇಂಥದ್ದೇ ಒಂದು ಕುಯ್ಲಿನ ನಡುವೆ ಟೀಚರ್ ತೀರಿಕೊಂಡರು.

ತಿಥಿ ಮುಗಿಯುವ ಮೊದಲೇ ಇಲಾಖೆಯಿಂದ ನನಗೆ ಫೋನ್ ಬಂತು. ಅರ್ಜಿದಾರರು ಈಗ ಇಲ್ಲವಾದ್ದರಿಂದ ಪ್ರಕರಣ ಮುಕ್ತಾಯ ಮಾಡಿದ್ದೇವೆ ಎಂದನೊಬ್ಬ.

"ಅವರ ಹೆಣಕ್ಕೆ ಸ್ನಾನ ಮಾಡ್ಸೋಕೂ ನಮ್ಮ ಬಾವಿ ನೀರು ಆಗ್ಲಿಲ್ಲ ಕಣ್ರೀ! ಅಮ್ಮತ್ತಿಯಿಂದ ಕ್ಯಾನಲ್ಲಿ ಹೊತ್ಕೊಂಡು ಬಂದ್ವಿ!" ಎಂದು ಕಿರುಚಿದೆ.

"ಅದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್" ಎಂದ.